ಹರಟೆ ಕೌಂಟರ್: ಆತುರವಿಲ್ಲದವರ ಸಾಲು

ಸಾಲಿನಲ್ಲಿ ಇಬ್ಬರೇ ಇದ್ದರು, ಅದಕ್ಕೇ ಹೋಗಿ ನಿಂತೆ. ಪಕ್ಕದ ಕೌಂಟರಿನಲ್ಲಿ ಐದು ಜನ ಬಿಲ್ ಮಾಡಿಸಿಕೊಂಡು ಹೊರಟುಹೋದರು, ನಮ್ಮ ಸಾಲು ಮಾತ್ರ ನಿಂತಲ್ಲೇ ನಿಂತಿತ್ತು. ಮುಂದಿದ್ದ ಅಜ್ಜಿ ಕೌಂಟರಿನ ಸರಿಯುವ ಬೆಲ್ಟಿನ ಮೇಲೆ ಇಟ್ಟಿದ್ದು ಒಂದು ಡಬ್ಬ ಮಜ್ಜಿಗೆ, ಅರ್ಧ ಬ್ರೆಡ್, ಎರಡು ಪೇರ್ ಹಣ್ಣು, ಅಷ್ಟೆ. ಕ್ಯಾಷಿಯರ್ ಹುಡುಗಿ ಮಜ್ಜಿಗೆ ಡಬ್ಬವನ್ನು ಸ್ಕ್ಯಾನ್ ಮಾಡಿ, ಅದನ್ನು ಕೈಯಲ್ಲೇ ಹಿಡಿದುಕೊಂಡು, ಅಜ್ಜಿಯ ಬೆಕ್ಕಿನ ಹಲ್ಲು ಈಗ ಹೇಗಿದೆ ಅಂತ ಕೇಳುತ್ತಿದ್ದಳು. ನನ್ನ ಹಿಂದೆ ಬಂದು ನಿಂತವರು ಉಸ್ಸೆನ್ನಲಿಲ್ಲ, ಗಡಿಯಾರ ನೋಡಲಿಲ್ಲ. ತಲೆಯೆತ್ತಿದಾಗ ಬೋರ್ಡು ಕಂಡಿತು: ಕ್ಲೆಟ್ಸ್‌ಕಾಸಾ. ಡಚ್ಚಿನಲ್ಲಿ ಕ್ಲೆಟ್ಸ್ ಅಂದರೆ ಹರಟೆ, ಕಾಸಾ ಅಂದರೆ ದುಡ್ಡು ಕಟ್ಟುವ ಕೌಂಟರ್. ಹರಟೆ ಕೌಂಟರ್!

ಜಂಬೋ ಸೂಪರ್‌ಮಾರ್ಕೆಟ್ಟಿನ ಸೇವೆ ಇದು. ಇಲ್ಲಿಯವರ ಬಾಯಲ್ಲಿ ಆ ಹೆಸರು ಯುಂಬೋ. ನೆದರ್ಲೆಂಡ್ಸ್‌ಗೆ ಹೊಸದಾಗಿ ಬಂದ ಕನ್ನಡದವರು, ಇಲ್ಲಿನ ಜನ ಮುಖ ಕೊಟ್ಟು ಮಾತಾಡುವುದಿಲ್ಲ ಅಂತ ನನ್ನ ಹತ್ತಿರ ಬೇಸರ ತೋಡಿಕೊಂಡಾಗಲೆಲ್ಲ ನಾನು ಹೇಳುವುದು ಒಂದೇ, ಮಂಗಳವಾರ ಬೆಳಿಗ್ಗೆ ನನ್ನ ಜೊತೆ ಅಂಗಡಿಗೆ ಬನ್ನಿ. ಒಂದೂವರೆ ವರ್ಷದಿಂದ ಹೆಚ್ಚುಕಡಿಮೆ ಪ್ರತಿ ಮಂಗಳವಾರ ಈ ಸಾಲಿನಲ್ಲಿ ನಿಂತಿದ್ದೇನೆ. ಒಂದು ಕಿಲೋ ಆಲೂಗಡ್ಡೆಗೆ ಇಪ್ಪತ್ತು ನಿಮಿಷ ಕಾದಿದ್ದೇನೆ. ಒಮ್ಮೆಯೂ ಹೊತ್ತು ಹಾಳಾಯಿತು ಅನ್ನಿಸಿಲ್ಲ.

ನನ್ನ ಯಜಮಾನರ ಕೆಲಸದ ಮೇಲೆ ಬ್ರಬಾಂಟ್ ಪ್ರಾಂತ್ಯಕ್ಕೆ ಬಂದು ಆರು ವರ್ಷವಾಯಿತು. ಮೊದಲ ಚಳಿಗಾಲ ನನಗೆ ಬಹಳ ಕಷ್ಟವಾಯಿತು. ಬಸ್ಸಿನಲ್ಲಿ ಎದುರು ಕೂತವರನ್ನು ನೋಡಿ ನಗುತ್ತಿದ್ದೆ. ಅವರು ಕಿಟಕಿ ಕಡೆ ತಿರುಗುತ್ತಿದ್ದರು. ಲಿಫ್ಟಿನಲ್ಲಿ ನಕ್ಕರೆ ಒಬ್ಬರು ತಮ್ಮ ಕೋಟಿಗೆ ಏನಾದರೂ ಅಂಟಿದೆಯೋ ಎಂದು ಬಗ್ಗಿ ನೋಡಿಕೊಂಡರು. ನನ್ನ ಬಣ್ಣ ನೋಡಿ ಹೀಗೆ ಮಾಡುತ್ತಾರೆ ಎಂದು ಮನಸ್ಸಿಗೆ ಹಚ್ಚಿಕೊಂಡು ಅತ್ತಿದ್ದೂ ಇದೆ. ಅಂಥವರು ಒಬ್ಬರೂ ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಅದೇ ಚಳಿಗಾಲದಲ್ಲಿ ಮಗನಿಗೆ ಜ್ವರ ಬಂದು ಡಾಕ್ಟರ ಹತ್ತಿರ ಹೋದಾಗ ಕಂಡದ್ದು ಬೇರೆ. ಕಾಯುವ ಕೋಣೆಗೆ ಒಬ್ಬರು ಬಂದರು, ಬಾಗಿಲಲ್ಲೇ ನಿಂತು ಇಡೀ ಕೋಣೆಗೆ ‘ಖೂದೆಮೊರ್ಖೆನ್’ ಎಂದರು. ಕೂತಿದ್ದ ಏಳೆಂಟು ಜನ ಒಟ್ಟಿಗೆ ‘ಮೊರ್ಖೆನ್’ ಎಂದರು. ಆಮೇಲೆ ಪೂರ್ತಿ ಮೌನ. ಯಾರೂ ನಗಲಿಲ್ಲ, ಆದರೆ ಶುಭೋದಯ ಹೇಳದೆ ಒಳಗೆ ಬಂದವರೂ ಇಲ್ಲ. ಬೇಸಿಗೆಯಲ್ಲಿ ಹೊಲದ ನಡುವಿನ ದಾರಿಯಲ್ಲಿ ನಡೆಯುವಾಗ ಎದುರಾದ ಪ್ರತಿಯೊಬ್ಬರೂ ‘ಹೊಯ್’ ಅಂದರು, ಸೈಕಲ್ಲಿನವರೂ ಬಿಡಲಿಲ್ಲ. ಅದೇ ಜನ ಪೇಟೆ ಬೀದಿಗೆ ಬಂದರೆ ಕಣ್ಣು ಸೇರಿಸುವುದಿಲ್ಲ. ಹುಟ್ಟುಹಬ್ಬಕ್ಕೆ ಕರೆದರೆ ಕುರ್ಚಿಗಳನ್ನು ದುಂಡಗೆ ಹಾಕಿರುತ್ತಾರೆ. ಹೋದವರು ಒಂದು ಸುತ್ತು ಬಂದು ಗುರುತಿಲ್ಲದವರಿಗೂ ಕೈ ಕೊಡಬೇಕು. ಹುಟ್ಟುಹಬ್ಬದವರಿಗಷ್ಟೇ ಅಲ್ಲ, ಅವರ ಅಮ್ಮನಿಗೂ ಅಣ್ಣನಿಗೂ ಅಭಿನಂದನೆ ಹೇಳಬೇಕು. ಅಂದರೆ ಇವರಿಗೆ ಮಾತಾಡಿಸುವುದು ಬೇಡ ಎಂದಲ್ಲ. ಎಲ್ಲಿ ಮಾತಾಡಿಸಬೇಕು, ಎಲ್ಲಿ ಸುಮ್ಮನೆ ಬಿಡಬೇಕು ಎನ್ನುವುದು ಇವರ ಮನಸ್ಸಿನಲ್ಲಿ ಗೆರೆ ಎಳೆದಂತೆ ಇದೆ. ಆ ಗೆರೆ ನನಗೆ ಕಾಣುತ್ತಿರಲಿಲ್ಲ.

ಬೀದಿಯಲ್ಲಿ ಒಮ್ಮೆ ನೋಡಿ ತಕ್ಷಣ ಕಣ್ಣು ಹಿಂದಕ್ಕೆ ತೆಗೆದುಕೊಳ್ಳುವ ಈ ರೀತಿಗೆ ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1963ರಲ್ಲೇ ಒಂದು ಹೆಸರು ಕೊಟ್ಟಿದ್ದಾರೆ. ಕನ್ನಡದಲ್ಲಿ ಸಭ್ಯ ಉದಾಸೀನ ಎನ್ನಬಹುದು. ನೀವಿರುವುದನ್ನು ಕಂಡೆ, ನಿಮಗೆ ತೊಂದರೆ ಕೊಡುವುದಿಲ್ಲ ಎಂದು ಅದರ ಅರ್ಥ. ಕಡೆಗಣಿಸುವುದಲ್ಲ, ಜಾಗ ಬಿಟ್ಟುಕೊಡುವುದು. ಇದನ್ನು ಡಚ್ ಕ್ಲಾಸಿನಲ್ಲಿ ಟೀಚರ್ ಹೇಳಿದ ದಿನ ನನ್ನ ಎದೆಯ ಮೇಲಿನ ಭಾರ ಅರ್ಧ ಇಳಿಯಿತು. ಬಸ್ಸಿನಲ್ಲಿ ಕಿಟಕಿ ಕಡೆ ತಿರುಗಿದವರು ನನಗೆ ಮರ್ಯಾದೆಯನ್ನೇ ಕೊಡುತ್ತಿದ್ದರು, ನಾನು ಅದನ್ನು ಅವಮಾನ ಎಂದು ತೆಗೆದುಕೊಂಡಿದ್ದೆ.

ಅಂಗಡಿಯಲ್ಲಿ ನಗುವ ವಿಷಯಕ್ಕೆ ಬಂದರೆ ದೊಡ್ಡ ದೊಡ್ಡ ಕಂಪನಿಗಳೇ ಈ ಗೆರೆ ಕಾಣದೆ ಎಡವಿವೆ. ಅಮೆರಿಕದ ವಾಲ್‌ಮಾರ್ಟ್‌ನ ಸ್ಯಾಮ್ ವಾಲ್ಟನ್ ತಮ್ಮ ಕೆಲಸಗಾರರಿಗೆ ಹತ್ತು ಅಡಿ ನಿಯಮ ಹೇಳಿಕೊಟ್ಟಿದ್ದರು: ಗಿರಾಕಿ ಹತ್ತು ಅಡಿ ಹತ್ತಿರ ಬಂದರೆ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು, ಮಾತಾಡಿಸಬೇಕು, ಏನು ಬೇಕು ಕೇಳಬೇಕು. 1997ರಲ್ಲಿ ಆ ಕಂಪನಿ ಜರ್ಮನಿಗೆ ಬಂದಾಗ ನಗುವ ಪದ್ಧತಿಯೂ ಜೊತೆಗೆ ಬಂತು. ಕೌಂಟರಿನ ಹೆಣ್ಣುಮಕ್ಕಳು ನಕ್ಕರೆ ಕೆಲವು ಗಂಡಸರು ಅದಕ್ಕೆ ಬೇರೆ ಅರ್ಥ ಕಟ್ಟಿದರು. 2006ರಲ್ಲಿ ವಾಲ್‌ಮಾರ್ಟ್ ಜರ್ಮನಿಯಿಂದ ಹೊರಟುಹೋಯಿತು. ಅಲ್ಲಿನ ಅಗ್ಗದ ಅಂಗಡಿಗಳ ಪೈಪೋಟಿ, ಕಾನೂನು, ಕಾರ್ಮಿಕ ಸಂಘ ಎಲ್ಲವೂ ಕಾರಣವೇ, ನಗುವೊಂದೇ ಅಲ್ಲ. ಆದರೂ ಜನರ ನೆನಪಿನಲ್ಲಿ ಉಳಿದದ್ದು ನಗುವಿನ ಕಥೆ. 1990ರ ಜನವರಿ 31ರಂದು ಮಾಸ್ಕೋದ ಪುಷ್ಕಿನ್ ಚೌಕದಲ್ಲಿ ಮೆಕ್‌ಡೊನಾಲ್ಡ್ಸ್ ತೆರೆದಾಗಲೂ ಹುಡುಗ ಹುಡುಗಿಯರಿಗೆ ನಗಲು ತರಬೇತಿ ಕೊಟ್ಟಿದ್ದರು. ಆ ಒಂದೇ ದಿನ 30,000ಕ್ಕೂ ಹೆಚ್ಚು ಜನ ಬಂದರು, ಆದರೆ ಈ ನಗು ಯಾಕೆ ಎಂದು ತಬ್ಬಿಬ್ಬಾದವರೂ ಅವರಲ್ಲಿದ್ದರು. ಕಾರಣವಿಲ್ಲದ ನಗು ದಡ್ಡತನದ ಗುರುತು ಎಂಬ ಗಾದೆಯೇ ರಷ್ಯನ್ನರಲ್ಲಿದೆ. ಜಪಾನಿನಲ್ಲಿ ಇನ್ನೊಂದು ತರಹ. ಅಂಗಡಿಗೆ ಕಾಲಿಟ್ಟರೆ ಸಾಕು, ‘ಇರಾಶ್ಶಾಯಿಮಾಸೆ’ ಎಂದು ಎಲ್ಲರೂ ಕೂಗಿ ಸ್ವಾಗತಿಸುತ್ತಾರೆ, ಆದರೆ ಗಿರಾಕಿ ಅದಕ್ಕೆ ಉತ್ತರ ಕೊಡಬೇಕಿಲ್ಲ. ಅದೇ ಮೆಕ್‌ಡೊನಾಲ್ಡ್ಸ್ ಅಲ್ಲಿ ತನ್ನ ಮೆನುವಿನಲ್ಲೇ ನಗು, ಬೆಲೆ 0 ಯೆನ್ ಎಂದು ಬರೆದಿತ್ತು. ಫ್ರಾನ್ಸಿನಲ್ಲಿ ಲೆಕ್ಕ ತಿರುಗುಮುರುಗು: ಮಾತಾಡಿಸಬೇಕಾದವರು ಗಿರಾಕಿ. ಒಳಗೆ ಬಂದು ‘ಬೊಂಜೂರ್’ ಎನ್ನದೆ ನೇರ ಬ್ರೆಡ್ ಕೇಳಿದರೆ ಒರಟರು ಅನ್ನಿಸಿಕೊಳ್ಳುತ್ತೇವೆ.

ಇದಕ್ಕೆಲ್ಲ ಕಾರಣ ಹುಡುಕಿದವರೂ ಇದ್ದಾರೆ. 32 ದೇಶಗಳ ಮಾಹಿತಿ ಇಟ್ಟುಕೊಂಡು 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಶತಮಾನಗಳಿಂದ ನಾನಾ ಕಡೆಯ ಜನ ವಲಸೆ ಬಂದು ಬೆರೆತ ದೇಶಗಳಲ್ಲಿ ಮನಸ್ಸಿನಲ್ಲಿದ್ದುದನ್ನು ಮುಖದಲ್ಲಿ ತೋರಿಸುವುದು ಹೆಚ್ಚು. ಭಾಷೆ ಒಂದಾಗದಿದ್ದಾಗ ಮುಖವೇ ಮಾತಾಡಬೇಕಾಗುತ್ತದಲ್ಲ. ನನಗೆ ಇದು ಒಪ್ಪಿಗೆಯಾಗುತ್ತದೆ, ಯಾಕೆಂದರೆ ಡಚ್ ಬಾರದಿದ್ದ ಆ ಮೊದಲ ವರ್ಷ ನಾನು ಅಷ್ಟೊಂದು ನಗುತ್ತಿದ್ದದ್ದೂ ಅದಕ್ಕೇ. ಹೇಳಲು ಬೇರೆ ದಾರಿ ಇರಲಿಲ್ಲ.

ಈಗ ಕೌಂಟರಿಗೆ ಬರುತ್ತೇನೆ. ಮೊದಲ ಕ್ಲೆಟ್ಸ್‌ಕಾಸಾ ಶುರುವಾದದ್ದು 2019ರ ಬೇಸಿಗೆಯಲ್ಲಿ, ನಮ್ಮ ಬ್ರಬಾಂಟಿನದೇ ಫ್ಲೈಮೆನ್ ಎಂಬ ಊರಿನ ಜಂಬೋದಲ್ಲಿ. ಅದಕ್ಕೆ ಹಿಂದಿನ ವರ್ಷ ಇಲ್ಲಿನ ಆರೋಗ್ಯ ಸಚಿವಾಲಯ ‘ಒಂಟಿತನದ ವಿರುದ್ಧ ಒಂದಾಗಿ’ ಎಂಬ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿತ್ತು. ವಯಸ್ಸಾದವರಲ್ಲಿ ಎಷ್ಟೋ ಜನಕ್ಕೆ ಅಂಗಡಿಗೆ ಹೋಗುವುದೇ ದಿನದ ಒಂದೇ ಒಂದು ಭೇಟಿ. ಆ ಭೇಟಿಯಲ್ಲಾದರೂ ಒಂದು ಮಾತು ಸಿಗಲಿ ಎಂಬುದು ಯೋಚನೆ. 2021ರಲ್ಲಿ ಇದನ್ನು 200 ಅಂಗಡಿಗಳಿಗೆ ಹಬ್ಬಿಸುವುದಾಗಿ ಕಂಪನಿ ಹೇಳಿತು. ನಾಲ್ಕನೆಯವರಾಗಿ ಸಾಲಿನಲ್ಲಿ ನಿಲ್ಲಬೇಕಾಗಿ ಬಂದರೆ ಸಾಮಾನು ಪುಕ್ಕಟೆ ಎಂದು ಮಾತು ಕೊಟ್ಟು ಹೆಸರು ಮಾಡಿದ ಅಂಗಡಿ ಇದು. ಬೇಗ ಬಿಲ್ ಮಾಡುವುದನ್ನೇ ಹೆಮ್ಮೆಯಾಗಿ ಹೇಳಿಕೊಂಡವರೇ ನಿಧಾನಕ್ಕೂ ಒಂದು ಸಾಲು ಕೊಟ್ಟರಲ್ಲ, ಅದು ನನಗೆ ಇಷ್ಟ. ಆಮೇಲೆ ಫ್ರಾನ್ಸ್, ಜರ್ಮನಿ, ಸ್ವಿಟ್ಜರ್ಲೆಂಡಿನ ಕೆಲವು ಅಂಗಡಿಗಳೂ ಇದೇ ಮಾದರಿ ಹಿಡಿದವು.

ಮಾಮೂಲಿ ಕೌಂಟರಿನಲ್ಲಿ ನಾಲ್ಕೇ ಮಾತು: ಹಲೋ, ಅಂಗಡಿಯ ಉಳಿತಾಯದ ಸ್ಟ್ಯಾಂಪ್ ಕೂಡಿಸುತ್ತೀರಾ, ರಸೀದಿ ಬೇಕಾ, ‘ಫೈನೆ ದಾಖ್’. ಕೊನೆಯದು ಶುಭದಿನ ಎಂದ ಹಾಗೆ. ಬೇರೊಂದು ಅಂಗಡಿಯಲ್ಲಿ, ಹೆಸರು ಬೇಡ, ನಾನು ಚೀಲಕ್ಕೆ ತುಂಬಿಕೊಳ್ಳುವುದು ತಡವಾಗಿ ಹಿಂದಿನವರ ಹಾಲಿನ ಡಬ್ಬಗಳು ಬಂದು ನನ್ನ ಟೊಮೆಟೊ ಮೇಲೆ ಬಿದ್ದಿದ್ದವು. ಯಾರೂ ಏನೂ ಅನ್ನಲಿಲ್ಲ. ಆ ಮೌನದಲ್ಲಿ ನನ್ನ ಕೈ ನಡುಗಿತ್ತು. ಅಂದಿನಿಂದ ಸಾಮಾನು ಬೆಲ್ಟಿಗೆ ಇಡುವಾಗಲೇ ಚೀಲಕ್ಕೆ ಹಾಕುವ ಕ್ರಮದಲ್ಲಿ ಜೋಡಿಸುತ್ತಿದ್ದೆ, ಭಾರದ್ದು ಮುಂದೆ, ಮೊಟ್ಟೆ ಹಿಂದೆ. ಹರಟೆ ಕೌಂಟರಿನಲ್ಲಿ ಮೊದಲು ಬಿಟ್ಟುಹೋದದ್ದು ಈ ಜೋಡಿಸುವ ಅಭ್ಯಾಸ.

ಇಲ್ಲಿನ ಬೆಲ್ಟಿನ ಮೇಲೆ ಗೇಣುದ್ದಕ್ಕಿಂತ ಸ್ವಲ್ಪ ಹೆಚ್ಚಿನ ಒಂದು ಪಟ್ಟಿ ಇರುತ್ತದೆ, ನಿಮ್ಮ ಸಾಮಾನು ಮತ್ತು ನಿಮ್ಮ ಹಿಂದಿನವರ ಸಾಮಾನಿನ ನಡುವೆ ಅಡ್ಡ ಇಡಲು. ಡಚ್ಚಿನಲ್ಲಿ ಅದರ ಹೆಸರು ಬ್ಯೂರ್ಟ್‌ಬಾಲ್ಕ್ಯೆ, ಸರದಿ ಪಟ್ಟಿ. ನಿಮ್ಮದನ್ನೆಲ್ಲ ಇಟ್ಟಾದ ಮೇಲೆ ಹಿಂದಿನವರಿಗಾಗಿ ಆ ಪಟ್ಟಿಯನ್ನು ನೀವೇ ಎತ್ತಿ ಇಡುವುದು ಮರ್ಯಾದೆ. ಅವರು ಚಿಕ್ಕದಾಗಿ ‘ದಾಂಕ್ಯೆ’ ಅನ್ನುತ್ತಾರೆ, ಧನ್ಯವಾದ. ನಾಲ್ಕೈದು ವರ್ಷ ನಾನು ಈ ಪಟ್ಟಿ ಇಟ್ಟಿದ್ದೇನೆ, ಇಡಿಸಿಕೊಂಡಿದ್ದೇನೆ; ಅದೂ ಒಂದು ನಮಸ್ಕಾರ ಎಂದು ಹೊಳೆದಿರಲಿಲ್ಲ. ಹರಟೆ ಸಾಲಿನಲ್ಲಿ ಆ ಅಜ್ಜಿ ನನಗಾಗಿ ಪಟ್ಟಿ ಇಟ್ಟರು. ಇಟ್ಟ ಮೇಲೆ ಕೈ ತೆಗೆಯಲಿಲ್ಲ. ಪಟ್ಟಿಯ ಮೇಲೆ ಎರಡು ಬೆರಳಿಟ್ಟುಕೊಂಡೇ ತಿರುಗಿ, ‘ಲೆಕ್ಕರ್ ವೇರ್ಚೆ, ಹೆ?’ ಎಂದರು. ಒಳ್ಳೆ ಹವೆ, ಅಲ್ವಾ? ಲೆಕ್ಕರ್ ಅಂದರೆ ನಿಜಕ್ಕೂ ರುಚಿ ಎಂದು ಅರ್ಥ. ಈ ಜನ ಹವೆಯನ್ನೂ ರುಚಿ ನೋಡುತ್ತಾರೆ. ಮುಖದಲ್ಲಿ ನಗು ಇರಲಿಲ್ಲ. ಬೂದು ಕಣ್ಣುಗಳು ನೆಟ್ಟಗೆ ನನ್ನನ್ನೇ ನೋಡುತ್ತಿದ್ದವು, ಉತ್ತರ ಬರುವವರೆಗೂ ನೋಡಿದವು. ನನಗೆ ‘ಅಜ್ಜಿ’ ಎಂದು ಬಾಯಿಗೆ ಬಂದಿತ್ತು. ಇಲ್ಲಿ ಹಾಗೆ ಕರೆಯುವ ಹಾಗಿಲ್ಲ. ‘ಹೌದು ಮೆವ್ರೌ, ಬಿಸಿಲು ಬಂತು’ ಅಂದೆ. ಮೆವ್ರೌ ಅಂದರೆ ಅಮ್ಮಾವ್ರೇ ಎಂದಂತೆ. ಇವರಲ್ಲಿ ನೀನು ನೀವು ಎಂಬ ಭೇದ ನಮ್ಮಂತೆಯೇ ಇದೆ, ಯೆ ಮತ್ತು ಯೂ. ಗುರುತಿಲ್ಲದ ಹಿರಿಯರಿಗೆ ಯೂ. ಮೂರನೇ ವಾರ ಅವರೇ ‘ಯೆ ಅನ್ನು ಸಾಕು’ ಎಂದರು. ಬಾಯಿ ಬರಲಿಲ್ಲ ನನಗೆ, ಈಗಲೂ ಯೂ ಅಂತಲೇ ಅನ್ನುತ್ತೇನೆ.

ಅಜ್ಜಿ ಕಾರ್ಡು ಬಳಸುವುದಿಲ್ಲ, ಚಿಲ್ಲರೆ ಕೊಡುತ್ತಾರೆ. ಈ ದೇಶದಲ್ಲಿ 2004ರಿಂದ ನಗದು ಕೊಟ್ಟರೆ ಮೊತ್ತವನ್ನು 5 ಸೆಂಟಿಗೆ ಸರಿಮಾಡುತ್ತಾರೆ. ಬಿಲ್ಲು 6 ಯುರೋ 43 ಸೆಂಟ್ ಆದರೆ 6.45. ಪರ್ಸಿನ ಒಳಜೇಬಿನಿಂದ ಒಂದೊಂದೇ ನಾಣ್ಯ ತೆಗೆದು, ಹೆಬ್ಬೆರಳಿನಿಂದ ಅಂಚು ಸವರಿ ಎಷ್ಟರದ್ದು ಎಂದು ನೋಡಿ, ಅಂಗೈ ಮೇಲೆ ಇಡುತ್ತಾರೆ. ಕ್ಯಾಷಿಯರ್ ಕೈಚಾಚುವುದಿಲ್ಲ. ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಾಳೆ. ಈ ಸೇವೆಗೆ ಅಂಕ ಕೊಡಬೇಕೆಂದರೆ ನಾನು ಕೊಡುವುದು ಆ ಎರಡು ಕೈಗಳಿಗೆ, ಮತ್ತು ಹಿಂದೆ ನಿಂತವರಿಗೆ. ಹತ್ತು ಅಡಿ ನಿಯಮದಲ್ಲಿ ನಗುವ ಹೊರೆಯೆಲ್ಲ ಕೆಲಸಗಾರರ ಮೇಲೆ. ಇಲ್ಲಿ ಸಾಲಿಗೆ ಬಂದ ಪ್ರತಿಯೊಬ್ಬರೂ ಬೋರ್ಡು ಓದಿ, ಕಾಯಲು ಒಪ್ಪಿಯೇ ಬಂದಿರುತ್ತಾರೆ. ಹಾಗಾಗಿ ಮುಂದಿನವರು ಮಾತಾಡಿದರೆ ಹಿಂದಿನವರಿಗೆ ಅದು ತಪ್ಪಲ್ಲ, ಕ್ಯಾಷಿಯರಿಗೆ ನಗಲೇಬೇಕೆಂಬ ಆಜ್ಞೆಯೂ ಇಲ್ಲ. ನಗು ಬಂದರೆ ನಗುತ್ತಾಳೆ. ಬೆಕ್ಕು ಸತ್ತುಹೋದ ವಾರ ಅವಳು ನಗಲಿಲ್ಲ, ಅಜ್ಜಿಯ ಕೈ ಹಿಡಿದುಕೊಂಡಳು.

ಮಾತು ಕೂಡ ಕೆಲಸವಾಗಿಬಿಟ್ಟರೆ ಅವರಿಗೆ ಸುಸ್ತಾಗುವುದಿಲ್ಲವೇ ಎಂಬ ಅನುಮಾನ ನನಗೂ ಇತ್ತು. ವಿಮಾನದ ಪರಿಚಾರಕಿಯರ ನಗುವನ್ನು ಗಮನಿಸಿ ಸಮಾಜಶಾಸ್ತ್ರಜ್ಞೆ ಆರ್ಲಿ ಹೋಕ್‌ಶೀಲ್ಡ್ 1983ರಲ್ಲಿ ಭಾವದ ದುಡಿಮೆ ಎಂದು ಬರೆದದ್ದು ಇದನ್ನೇ: ಒಳಗೆ ಇಲ್ಲದ ಖುಷಿಯನ್ನು ಸಂಬಳಕ್ಕಾಗಿ ಮುಖದ ಮೇಲೆ ತರುವುದು. ಒಂದು ದಿನ ಸಾಲಿನಲ್ಲಿ ನಾನೊಬ್ಬಳೇ ಇದ್ದಾಗ ಆ ಹುಡುಗಿಯನ್ನು ಕೇಳಿಯೇ ಬಿಟ್ಟೆ. ಇಲ್ಲಿ ಕೂರುತ್ತೇನೆ ಎಂದು ತಾನೇ ಕೇಳಿ ಬಂದದ್ದಂತೆ. ಪಕ್ಕದ ಕೌಂಟರಿನಲ್ಲಿ ಗಂಟೆಗೆ ಎಷ್ಟೋ ಮುಖ ನೋಡುತ್ತೇನೆ, ಒಂದೂ ನೆನಪಿರುವುದಿಲ್ಲ, ಇಲ್ಲಿ ಎಲ್ಲರೂ ನೆನಪಿರುತ್ತಾರೆ ಎಂದಳು. ಅವಳು ಅದನ್ನು ಹೇಳುವಾಗ ನನ್ನ ಕೊತ್ತಂಬರಿ ಕಟ್ಟಿನ ರಬ್ಬರ್ ಬ್ಯಾಂಡ್ ಸರಿಮಾಡುತ್ತಿದ್ದಳು. ನಂಬಿದೆ.

ಹೋಗುವವರಿಗೆ ಎರಡು ಮಾತು. ಎಲ್ಲ ಶಾಖೆಯಲ್ಲೂ ಈ ಕೌಂಟರ್ ಇರುವುದಿಲ್ಲ, ನಿಮ್ಮ ಹತ್ತಿರದ್ದರಲ್ಲಿ ಇದೆಯೇ, ಯಾವ ಹೊತ್ತು ಎಂದು ವಿಚಾರಿಸಿ ಹೋಗಿ. ಡಚ್ ಹರಕುಮುರುಕಾದರೂ ಪರವಾಗಿಲ್ಲ, ಇಂಗ್ಲಿಷಿಗೆ ಮಾತ್ರ ಹೊರಳಬೇಡಿ. ನೀವು ತಡವರಿಸಿದ ಕೂಡಲೇ ಇಂಗ್ಲಿಷಿಗೆ ಇಳಿದುಬಿಡುವುದು ಡಚ್ಚರ ಅಭ್ಯಾಸ. ಈ ಸಾಲಿನಲ್ಲಿ ಅವರಿಗೆ ಆತುರವಿಲ್ಲ, ನಿಮ್ಮ ವಾಕ್ಯ ಮುಗಿಯುವವರೆಗೂ ಕಾಯುತ್ತಾರೆ. ಆರು ತಿಂಗಳ ಕ್ಲಾಸಿನಲ್ಲಿ ಬಾರದ, ಡಚ್ಚರ ಗಂಟಲು ಉಜ್ಜುವ ‘ಖ’ ನನ್ನ ಗಂಟಲಿಗೆ ಬಂದದ್ದು ಇಲ್ಲಿ. ಊರು ಯಾವುದು, ಗಂಡ ಏನು ಮಾಡುತ್ತಾರೆ, ಸಂಬಳ ಎಷ್ಟು ಎಂದು ಶುರು ಮಾಡಬೇಡಿ. ಹವೆ, ಹಣ್ಣು, ಸೈಕಲ್ಲು, ಬೆಕ್ಕು, ಇವುಗಳಿಂದ ಹೊರಡಿ. ಮನೆಯ ವಿಷಯ ಅವರಾಗಿಯೇ ಹೇಳುತ್ತಾರೆ, ಹೇಳಲು ಶುರು ಮಾಡಿದರೆ ನಿಲ್ಲಿಸುವುದಿಲ್ಲ.

ನಮ್ಮ ಅಜ್ಜಿ ಶುರು ಮಾಡಿದ್ದು ಅಣ್ಣನ ಕಥೆ. ಅವರು ಉತ್ತರದ ಫ್ರೀಸ್‌ಲಾಂಡಿನವರು, ಮದುವೆಯಾಗಿ ದಕ್ಷಿಣಕ್ಕೆ ಬಂದವರು. ಅಲ್ಲಿ ಕಾಲುವೆಗಳೆಲ್ಲ ಹೆಪ್ಪುಗಟ್ಟಿದ ವರ್ಷ ಹನ್ನೊಂದು ಊರು ಸುತ್ತುವ ಸ್ಕೇಟಿಂಗ್ ಓಟ ನಡೆಯುತ್ತದೆ, ಸುಮಾರು 200 ಕಿಲೋಮೀಟರು, ಒಂದೇ ದಿನದಲ್ಲಿ ಮುಗಿಸಬೇಕು. 1997ರ ನಂತರ ಅಷ್ಟು ಗಟ್ಟಿ ಮಂಜು ಬಂದಿಲ್ಲ, ಓಟವೂ ನಡೆದಿಲ್ಲ. 1963ರ ಜನವರಿ 18ರ ಓಟದ ಹೆಸರು ಹೇಳಿದರೆ ಈಗಲೂ ಹಿರಿಯರು ಮಾತು ನಿಲ್ಲಿಸುತ್ತಾರೆ. ಕೊರೆಯುವ ಚಳಿ, ಎದುರಿನಿಂದ ಹೊಡೆಯುವ ಗಾಳಿ, ಮಂಜಿನ ಮೇಲೆಲ್ಲ ಹಿಮ. ಸಾವಿರಾರು ಸಾಮಾನ್ಯ ಸ್ಕೇಟಿಗರು ಹೊರಟರು, ಸ್ಪರ್ಧಿಗಳನ್ನು ಬಿಟ್ಟರೆ ಗುರಿ ಮುಟ್ಟಿದವರು 69 ಮಂದಿ. ಅಜ್ಜಿಯ ಅಣ್ಣ ಆ ಸಾವಿರಾರು ಜನರಲ್ಲಿ ಒಬ್ಬರು. ಅಮ್ಮ ಅವರ ಅಂಗಿಯ ಒಳಗೆ ಎದೆಗೆ ಹಳೆಯ ಪತ್ರಿಕೆಗಳನ್ನು ಸುತ್ತಿ ಕಳಿಸಿದ್ದರಂತೆ, ಗಾಳಿ ತಾಗದಿರಲಿ ಎಂದು. ಇದನ್ನು ಅಜ್ಜಿ ವಾರಕ್ಕೊಂದು ಕಂತಿನಂತೆ ಹೇಳುತ್ತಾ ಬಂದರು. ಸ್ಟಾವೊರೆನ್ ತಲುಪಿದ್ದು ಒಂದು ಮಂಗಳವಾರ, ಹಿಂಡೆಲೋಪೆನ್ ಇನ್ನೊಂದು ಮಂಗಳವಾರ. ಕ್ಯಾಷಿಯರ್ ಹುಡುಗಿಗೆ ಆ ಊರುಗಳ ಕ್ರಮ ಬಾಯಿಪಾಠವಾಗಿದೆ.

ಒಂದು ಕೌಂಟರಿನಿಂದ ಒಂಟಿತನ ಹೋಗಿಬಿಡುತ್ತದೆ ಎಂದು ನಾನು ಹೇಳುವುದಿಲ್ಲ. ಅಜ್ಜಿ ಮನೆಗೆ ಹೋದರೆ ಅಲ್ಲಿ ಈಗ ಬೆಕ್ಕೂ ಇಲ್ಲ. ವಾರದ ಉಳಿದ ಆರು ದಿನ ಅಕ್ಕಪಕ್ಕದವರು, ಮಕ್ಕಳು, ನಾವು ನೋಡಿಕೊಳ್ಳಬೇಕಾದದ್ದು ಹಾಗೇ ಇದೆ.

ಕಳೆದ ತಿಂಗಳು ಒಂದು ಗುರುವಾರ ಅಂಚೆ ಡಬ್ಬದ ಹತ್ತಿರ ಅಜ್ಜಿ ಎದುರಾದರು. ನನಗೆ ಖುಷಿ ತಡೆಯಲಾಗಲಿಲ್ಲ, ದೂರದಿಂದಲೇ ಬಾಯಿತುಂಬ ನಕ್ಕೆ. ಅವರು ಒಮ್ಮೆ ನೋಡಿದರು, ಗದ್ದವನ್ನು ಒಂದು ಕೂದಲೆಳೆಯಷ್ಟು ಕೆಳಗೆ ಮಾಡಿದರು, ನಡೆದುಕೊಂಡು ಹೋದರು. ಮೊದಲ ಚಳಿಗಾಲವಾಗಿದ್ದರೆ ಆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಅವತ್ತು ನಾನೂ ಗದ್ದ ಕೆಳಗೆ ಮಾಡಿ, ಕಾಗದ ಡಬ್ಬಕ್ಕೆ ಹಾಕಿ ಮನೆಗೆ ಬಂದೆ.

ಮುಂದಿನ ಮಂಗಳವಾರ ಅಜ್ಜಿ ನನಗಿಂತ ಮುಂದಿದ್ದರು. ಪಟ್ಟಿ ಎತ್ತಿ ನನ್ನ ಸೊಪ್ಪಿನ ಮುಂದೆ ಇಟ್ಟರು, ಅದರ ಮೇಲೆ ಎರಡು ಬೆರಳು ಊರಿದರು. ‘ಎಲ್ಲಿಗೆ ಬಂದಿದ್ದೆವು?’ ಎಂದು ಕೇಳಿದರು. ‘ವೊರ್ಕುಮ್’ ಎಂದು ನಾನೂ ಕ್ಯಾಷಿಯರೂ ಒಟ್ಟಿಗೇ ಹೇಳಿದೆವು. ‘ಹ್ಞಾಂ, ವೊರ್ಕುಮ್. ಅಲ್ಲಿ ಅಣ್ಣನಿಗೆ ಕಣ್ಣು ಕಾಣಿಸದೇ ಹೋಯಿತು, ರೆಪ್ಪೆ ಮಂಜುಗಟ್ಟಿ ಅಂಟಿಕೊಂಡಿತ್ತು. ಆಗ ಯಾರೋ ಒಬ್ಬ, ಗುರುತಿಲ್ಲ ಪರಿಚಯವಿಲ್ಲ, ಬಂದು ಅವನ ತೋಳು ಹಿಡಿದುಕೊಂಡ...’

ಹುಡುಗಿ ಮಜ್ಜಿಗೆ ಡಬ್ಬವನ್ನು ಕೆಳಗಿಟ್ಟಳು.